ಹನ್ನೊಂದು ಹುಡುಗರಿಗೆ ಮೂರು ಊರು

ಕೊಟ್ಟಿಗೆಯಲ್ಲಿ ಒಂದೇ ಎತ್ತು ಉಳಿದ ರೈತ ಬಿತ್ತನೆ ಹೊತ್ತಿಗೆ ಏನು ಮಾಡುತ್ತಾನೆ? ಹೊಲ ಬೀಳು ಬಿಡುವುದಿಲ್ಲ, ಉಳಿದ ಎತ್ತನ್ನು ಸಂತೆಗೂ ಹೊಡೆಯುವುದಿಲ್ಲ. ತನ್ನ ಹಾಗೇ ಒಂಟೆತ್ತು ಇರುವ ಇನ್ನೊಬ್ಬನನ್ನು ಹುಡುಕಿ ‘ಇವತ್ತು ನಿನ್ನ ಹೊಲ, ನಾಳೆ ನನ್ನದು’ ಎಂದು ಮಾತಾಡಿಕೊಂಡು ಜೋಡಿ ಕಟ್ಟುತ್ತಾನೆ. ಹಂಗಾಮು ಮುಗಿದ ಮೇಲೆ ಅವನ ಎತ್ತು ಅವನ ಕೊಟ್ಟಿಗೆಗೆ, ಇವನದು ಇವನ ಕೊಟ್ಟಿಗೆಗೆ. ಇಬ್ಬರ ಹೊಲದ ಪಹಣಿಯಲ್ಲೂ ಹೆಸರು ಬದಲಾಗುವುದಿಲ್ಲ.

ಜರ್ಮನಿಯ ಹಳ್ಳಿಗಳವರು ಇದೇ ಉಪಾಯವನ್ನು ಮಕ್ಕಳ ಫುಟ್‌ಬಾಲಿಗೆ ಹಚ್ಚಿದ್ದಾರೆ. ಒಂದೂರಲ್ಲಿ ಹನ್ನೊಂದು ಹುಡುಗರು ಸಿಗದಿದ್ದರೆ ಎರಡೂರು ಕೂಡುತ್ತವೆ, ಎರಡೂರಿಗೂ ಆಗದಿದ್ದರೆ ಮೂರೂರು ಕೂಡುತ್ತವೆ. ಕೂಡುವಾಗ ‘ಕ್ಲಬ್ಬನ್ನೇ ಒಂದು ಮಾಡಿಬಿಡೋಣವೋ, ತಂಡವನ್ನು ಮಾತ್ರ ಒಂದು ಮಾಡೋಣವೋ’ ಎಂಬ ಪ್ರಶ್ನೆ ಏಳುತ್ತದೆ. ಪ್ರಶ್ನೆ ಚೆಂಡಾಟದ್ದೇ ಇರಬಹುದು. ಆದರೆ ಅಂಗಡಿಯಲ್ಲೋ ಹೊಲದಲ್ಲೋ ಪಾಲು ಹಾಕಿ ಅನುಭವ ಇದ್ದವರಿಗೆ ಅದರ ತೂಕ ಕೂಡಲೇ ತಿಳಿಯುತ್ತದೆ.

ಮಕ್ಕಳೆಲ್ಲಿ ಹೋದರು?

ಜರ್ಮನಿಯ ಫುಟ್‌ಬಾಲ್ ಒಕ್ಕೂಟ 1900ರಲ್ಲಿ ಲೈಪ್ಝಿಗ್ ನಗರದಲ್ಲಿ ಹುಟ್ಟಿತು. ಅದರ ಕೆಳಗೆ ಇಂದು ಸುಮಾರು 24,000 ಕ್ಲಬ್ಬುಗಳಿವೆ, 70 ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದಾರೆ. ಟೀವಿಯಲ್ಲಿ ಕಾಣುವ ದೊಡ್ಡ ದೊಡ್ಡ ತಂಡಗಳು ಇದರಲ್ಲಿ ಬೆರಳೆಣಿಕೆಯಷ್ಟೇ. ಉಳಿದವೆಲ್ಲ ಊರೂರಿನ ಸಂಘಗಳು. ಏಳು ಮಂದಿ ಕೂಡಿ ನಿಯಮಾವಳಿ ಬರೆದು, ಆಯಾ ಸ್ಥಳದ ಕೋರ್ಟಿನ ದಫ್ತರದಲ್ಲಿ ನೋಂದಾಯಿಸಿದರೆ ಸಂಘ ಆಯಿತು. ಅಧ್ಯಕ್ಷ, ಖಜಾಂಚಿ, ಮಕ್ಕಳಿಗೆ ಆಟ ಕಲಿಸುವವರು ಹೆಚ್ಚಾಗಿ ಸ್ವಂತ ಕೆಲಸ ಮುಗಿಸಿಕೊಂಡು ಸಂಜೆ ಬಂದು ದುಡಿಯುವವರೇ. ಸದಸ್ಯರ ಚಂದಾ, ಪಂದ್ಯದ ದಿನ ಮಾರುವ ಸಾಸೇಜು ಮತ್ತು ಬಿಯರು, ಅಂಗಿಯ ಮೇಲೆ ಹೆಸರು ಹಾಕಿಸುವ ಊರಿನ ಬೇಕರಿಯವನೋ ಟ್ರ್ಯಾಕ್ಟರ್ ಏಜೆಂಟನೋ ಕೊಡುವ ದುಡ್ಡು, ಇಷ್ಟರಲ್ಲಿ ವರ್ಷ ಕಳೆಯಬೇಕು.

ಕಟ್ಟಡ ಇದೆ, ಮೈದಾನ ಇದೆ, ಹುಲ್ಲು ಕತ್ತರಿಸುವ ಯಂತ್ರವೂ ಇದೆ. ಆದರೆ ಮಕ್ಕಳು ಬೇಕಲ್ಲ! 1964ರಲ್ಲಿ ಆಗಿನ ಎರಡೂ ಜರ್ಮನಿ ಸೇರಿ 13 ಲಕ್ಷ 57 ಸಾವಿರ ಕೂಸುಗಳು ಹುಟ್ಟಿದ್ದವು. 2011ರಲ್ಲಿ ಹುಟ್ಟಿದ್ದು 6 ಲಕ್ಷ 63 ಸಾವಿರ. 2024ರಲ್ಲಿ 6 ಲಕ್ಷ 77 ಸಾವಿರ. ಪೂರ್ವ ಭಾಗದ ಕತೆ ಇನ್ನೂ ಕಠಿಣ. 1990ರಲ್ಲಿ ಎರಡು ಜರ್ಮನಿ ಒಂದಾದಾಗ ಅಲ್ಲಿ ಒಂದು ವರ್ಷಕ್ಕೆ 1 ಲಕ್ಷ 78 ಸಾವಿರ ಮಕ್ಕಳು ಹುಟ್ಟುತ್ತಿದ್ದರು. ಕಾರ್ಖಾನೆಗಳು ಮುಚ್ಚಿ, ಹರೆಯದವರು ಪಶ್ಚಿಮಕ್ಕೆ ಗುಳೆ ಹೋದ ಮೇಲೆ 1994ರಲ್ಲಿ ಆ ಸಂಖ್ಯೆ 79 ಸಾವಿರಕ್ಕೆ ಕುಸಿಯಿತು.

ಈ ಲೆಕ್ಕವನ್ನು ಒಂದು ಊರಿಗೆ ಇಳಿಸಿ ನೋಡೋಣ. ಅಲ್ಲಿ ಮಕ್ಕಳ ಫುಟ್‌ಬಾಲಿನಲ್ಲಿ ಎರಡೆರಡು ವಯಸ್ಸಿಗೆ ಒಂದರಂತೆ ಗುಂಪುಗಳಿವೆ. ಹತ್ತೊಂಬತ್ತರೊಳಗಿನವರಿಂದ ಹಿಡಿದು ಏಳರೊಳಗಿನ ಚಿಳ್ಳೆಪಿಳ್ಳೆಗಳವರೆಗೆ ಒಟ್ಟು ಏಳು ಗುಂಪು. ವರ್ಷಕ್ಕೆ ಹತ್ತು ಮಕ್ಕಳು ಹುಟ್ಟುವ ಊರು ಅಂತ ಇಟ್ಟುಕೊಳ್ಳಿ. ಎರಡು ವರ್ಷಕ್ಕೆ ಇಪ್ಪತ್ತಾಯಿತು. ಅವರಲ್ಲಿ ಹತ್ತು ಗಂಡು, ಹತ್ತು ಹೆಣ್ಣು. ಒಬ್ಬನಿಗೆ ಹ್ಯಾಂಡ್‌ಬಾಲ್ ಇಷ್ಟ, ಇನ್ನೊಬ್ಬನಿಗೆ ಸಂಗೀತದ ಪಾಠ, ಮತ್ತೊಬ್ಬನಿಗೆ ಆಟವೇ ಬೇಡ. ಹುಡುಗಿಯರು ಹುಡುಗರ ಜೊತೆ ಆಡಲು ಅವಕಾಶ ಇದೆ. ಒಬ್ಬಿಬ್ಬರು ಬಂದರೂ ಎಂಟೊಂಬತ್ತಕ್ಕೆ ಲೆಕ್ಕ ನಿಲ್ಲುತ್ತದೆ. ಹದಿಮೂರು ತುಂಬಿದವರ ಆಟಕ್ಕೆ ಬೇಕಾದದ್ದು ಹನ್ನೊಂದು.

ಆ ಎಂಟು ಹುಡುಗರು ಏನು ಮಾಡಬೇಕು? ಇದು ಒಕ್ಕೂಟದ ಮುಂದೆ ಬಂದ ಪ್ರಶ್ನೆ. ಅದಕ್ಕೆ ಅವರು ಒಂದೇ ಉತ್ತರ ಕೊಡಲಿಲ್ಲ, ಒಂದು ಏಣಿಯನ್ನೇ ಕಟ್ಟಿಕೊಟ್ಟರು. ಅದಕ್ಕೆ ಐದು ಮೆಟ್ಟಿಲು ಎನ್ನಬಹುದು.

ಐದು ಮೆಟ್ಟಿಲು

ಮೊದಲ ಮೆಟ್ಟಿಲು ಎರವಲಿನದು. ತನ್ನೂರಿನ ಕ್ಲಬ್ಬಿನಲ್ಲಿ ತನ್ನ ವಯಸ್ಸಿನ ತಂಡ ಇಲ್ಲದ ಹುಡುಗ ಪಕ್ಕದೂರಿನ ಕ್ಲಬ್ಬಿನಲ್ಲಿ ಆಡಬಹುದು. ಆದರೆ ಅವನ ಸದಸ್ಯತ್ವ ತನ್ನೂರಿನಲ್ಲೇ ಇರುತ್ತದೆ. ಇದಕ್ಕೆ ‘ಎರಡನೇ ಆಟದ ಹಕ್ಕು’ ಎಂದು ಹೆಸರು. ಹುಡುಗ ಹೋಗಿ ಬಂದು ಮಾಡುತ್ತಾನೆ, ಹೆಸರು ಹೋಗುವುದಿಲ್ಲ.

ಎರಡನೇ ಮೆಟ್ಟಿಲಿನಲ್ಲಿ ಆಟವೇ ಸ್ವಲ್ಪ ಬಗ್ಗುತ್ತದೆ. ಕೆಲವು ಜಿಲ್ಲೆಗಳಲ್ಲಿ ತಂಡದವರು ‘ನಮ್ಮಲ್ಲಿ ಒಂಬತ್ತೇ ಜನ’ ಎಂದು ಮೊದಲೇ ಹೇಳಿ ದಾಖಲಿಸಬಹುದು. ಎದುರಾಳಿಯಲ್ಲಿ ಹದಿನೈದು ಮಂದಿ ಇದ್ದರೂ ಅವರೂ ಒಂಬತ್ತೇ ಜನರನ್ನು ಇಳಿಸಬೇಕು. ಈ ಪದ್ಧತಿಗೆ ಅಲ್ಲಿ ‘ನಾರ್ವೆ ಮಾದರಿ’ ಎಂದು ಹೆಸರು. ತೀರಾ ಚಿಕ್ಕವರ ವಿಷಯದಲ್ಲಂತೂ 2024-25ರ ಹಂಗಾಮಿನಿಂದ ದೇಶಕ್ಕೆಲ್ಲ ಹೊಸ ರೀತಿ ಕಡ್ಡಾಯವಾಗಿದೆ. ಹನ್ನೊಂದು ವಯಸ್ಸಿನೊಳಗಿನವರು ಸಣ್ಣ ಅಂಕಣದಲ್ಲಿ ಸಣ್ಣ ಸಣ್ಣ ಗುಂಪಾಗಿ ಆಡುತ್ತಾರೆ, ತೀರಾ ಪುಟ್ಟವರು ಇಬ್ಬಿಬ್ಬರು ಮೂವರು ಮೂವರೇ. ಹೀಗಾದಾಗ ಪ್ರತಿ ಮಗುವಿನ ಕಾಲಿಗೂ ಚೆಂಡು ಸಿಗುತ್ತದೆ. ಐದಾರು ಮಕ್ಕಳಿರುವ ಊರಿಗೂ ತಂಡ ಕಟ್ಟುವ ಧೈರ್ಯ ಬರುತ್ತದೆ.

ಮೂರನೇ ಮೆಟ್ಟಿಲೇ ಆ ಒಂಟೆತ್ತಿನ ಜೋಡಿ. ಜರ್ಮನ್ ಭಾಷೆಯಲ್ಲಿ ಅದಕ್ಕೆ ‘ಯೂಗೆಂಡ್‌ಶ್ಪೀಲ್‌ಗೆಮೈನ್‌ಶಾಫ್ಟ್’ ಎನ್ನುತ್ತಾರೆ. ಉಸಿರು ಹಿಡಿದು ಹೇಳಬೇಕಾದ ಪದ, ಅರ್ಥ ಮಾತ್ರ ಸರಳ: ಎಳೆಯರ ಕೂಡಾಟ. ಬರೆಯುವಾಗ ಚಿಕ್ಕದಾಗಿ ಜೆಎಸ್‌ಜಿ. ಎರಡು ಮೂರು ಕ್ಲಬ್ಬುಗಳು ಒಂದು ವಯಸ್ಸಿನ ತಂಡವನ್ನು ಮಾತ್ರ ಒಟ್ಟಿಗೆ ಇಳಿಸುತ್ತವೆ. ಇದು ಹೊಸ ಸಂಘವಲ್ಲ, ಇದಕ್ಕೆ ಪ್ರತ್ಯೇಕ ನೋಂದಣಿ ಬೇಕಿಲ್ಲ. ಹುಡುಗರ ಆಟದ ಚೀಟಿ ಅವರವರ ಊರಿನ ಕ್ಲಬ್ಬಿನ ಹೆಸರಿನಲ್ಲೇ ಇರುತ್ತದೆ. ಒಂದು ಕ್ಲಬ್ಬು ಯಜಮಾನಿಕೆ ಹೊರುತ್ತದೆ. ಜಿಲ್ಲಾ ಸಂಘಕ್ಕೆ ಅರ್ಜಿ ಕೊಡುವುದು, ದಂಡ ಬಿದ್ದರೆ ಕಟ್ಟುವುದು, ಉತ್ತರ ಹೇಳುವುದು ಎಲ್ಲ ಅದರ ತಲೆಗೆ. ಒಪ್ಪಿಗೆಯ ಗಡುವು ಸಾಮಾನ್ಯವಾಗಿ ಒಂದು ಹಂಗಾಮು. ಮರುವರ್ಷ ಮತ್ತೆ ಕೂತು ಮಾತಾಡಬೇಕು.

ನಾಲ್ಕನೇ ಮೆಟ್ಟಿಲಲ್ಲಿ ಊರುಗಳು ಕೂಡಿ ಮಕ್ಕಳಿಗಾಗಿಯೇ ಒಂದು ಹೊಸ ಸಂಘ ನೋಂದಾಯಿಸುತ್ತವೆ. ಬವೇರಿಯಾ ರಾಜ್ಯದಲ್ಲಿ ಈ ಬಗೆ ಹೆಚ್ಚು ಬಳಕೆಯಲ್ಲಿದೆ. ಮೂಲ ಕ್ಲಬ್ಬುಗಳಿಗೆ ‘ಕಾಂಡದ ಕ್ಲಬ್ಬು’ ಎಂದು ಹೆಸರು. ಬೇರು ಅಲ್ಲಿ, ಕೊಂಬೆ ಇಲ್ಲಿ ಎಂಬ ಭಾವ. ಹನ್ನೊಂದು ದಾಟಿದ ಮಕ್ಕಳು ಹೊಸ ಸಂಘಕ್ಕೆ ಹೋಗುತ್ತಾರೆ, ಅದಕ್ಕಿಂತ ಚಿಕ್ಕವರು ತಮ್ಮೂರಿನ ಮೈದಾನದಲ್ಲೇ ಉಳಿಯುತ್ತಾರೆ. ವಯಸ್ಸು ತುಂಬಿದ ಮೇಲೆ ಅವರು ದೊಡ್ಡವರ ತಂಡಕ್ಕೆ ತಮ್ಮ ತಮ್ಮ ಊರಿಗೇ ಮರಳಬೇಕೆಂಬುದು ಉದ್ದೇಶ.

ಐದನೆಯದು ಪೂರ್ತಿ ವಿಲೀನ. ಎರಡು ಕ್ಲಬ್ಬು ಹೋಗಿ ಒಂದಾಗುವುದು. ಇದಕ್ಕೆ 1995ರಿಂದ ಜಾರಿಯಲ್ಲಿರುವ ಕಾನೂನು ಕಟ್ಟುನಿಟ್ಟಾಗಿದೆ. ಕರಾರು ನೋಟರಿ ಮುಂದೆ ಆಗಬೇಕು, ಎರಡೂ ಕಡೆ ಸದಸ್ಯರ ಸಭೆಯಲ್ಲಿ ಚಲಾವಣೆಯಾದ ಮತದಲ್ಲಿ ನಾಲ್ಕರಲ್ಲಿ ಮೂರು ಪಾಲು ಒಪ್ಪಬೇಕು. ಅರ್ಧಕ್ಕಿಂತ ಒಂದು ಮತ ಹೆಚ್ಚು ಬಂದರೆ ಸಾಲದು. ಅಷ್ಟು ದೊಡ್ಡ ಬಾಗಿಲಿಗೆ ಅಷ್ಟೇ ಗಟ್ಟಿ ಅಗುಳಿ!

ಹೆಸರಿನ ಬೆಲೆ

ಹೆಸರಿಗೆ ಇಷ್ಟೇಕೆ ಅಂಟಿಕೊಳ್ಳಬೇಕು ಎಂದು ಯಾರಾದರೂ ಕೇಳಬಹುದು. ಅದಕ್ಕೆ ಹಿಂದಿನ ಕತೆ ಇದೆ. 1960ರ ದಶಕದ ಕೊನೆಯಿಂದ ಹತ್ತು ವರ್ಷಗಳಲ್ಲಿ ಪಶ್ಚಿಮ ಜರ್ಮನಿ ಸರಕಾರ ಸಣ್ಣ ಊರುಗಳ ಪಂಚಾಯಿತಿಗಳನ್ನು ದೊಡ್ಡವಕ್ಕೆ ಸೇರಿಸುತ್ತ ಹೋಯಿತು. ಸುಮಾರು 24,000 ಇದ್ದವು 8,500ಕ್ಕೆ ಇಳಿದವು. ಊರಿಗೆ ಮೇಯರ್ ಇಲ್ಲವಾದ, ಕಚೇರಿ ಹೋಯಿತು, ಮೊಹರು ಹೋಯಿತು. ಆಮೇಲೆ ಅನೇಕ ಕಡೆ ಊರಿನ ಹೆಸರು ಹೊತ್ತು ಉಳಿದದ್ದು ಬೆಂಕಿ ಆರಿಸುವ ಸ್ವಯಂಸೇವಕರ ದಳ, ಹಾಡುಗಾರರ ಸಂಘ, ಮತ್ತು ಫುಟ್‌ಬಾಲ್ ಕ್ಲಬ್ಬು. ಅದನ್ನೂ ಬಿಟ್ಟುಕೊಡಿ ಎಂದರೆ ಮುದುಕರಿಗೆ ಸಿಟ್ಟು ಬಾರದೆ ಇರುತ್ತದೆಯೇ?

ಇದಕ್ಕೆ ಹೊಫೆನ್‌ಹೈಮ್ ಎಂಬ ಊರನ್ನು ನೋಡಬೇಕು. ಸುಮಾರು ಮೂರು ಸಾವಿರ ಜನರ ಹಳ್ಳಿ. 1899ರ ಒಂದು ಅಂಗಸಾಧನೆ ಸಂಘ, 1921ರ ಒಂದು ಫುಟ್‌ಬಾಲ್ ಸಂಘ ಅಲ್ಲಿದ್ದವು. ಯುದ್ಧ ಮುಗಿದ 1945ರಲ್ಲಿ ಎರಡೂ ಕೂಡಿ ಒಂದಾದವು. ಇದ್ದದ್ದು ಒಂದೇ ಊರು, ಊರಿನ ಹೆಸರಿಗೇನೂ ಧಕ್ಕೆ ಬರಲಿಲ್ಲ. 1972ರಲ್ಲಿ ಆ ಹಳ್ಳಿ ಪಕ್ಕದ ಝಿನ್ಸ್‌ಹೈಮ್ ಪಟ್ಟಣಕ್ಕೆ ಸೇರಿಹೋಯಿತು. ಅದೇ ವರ್ಷ ಸ್ಯಾಪ್ ಕಂಪ್ಯೂಟರ್ ಕಂಪನಿಯೂ ಹುಟ್ಟಿತು. ಬೆಂಗಳೂರಿನಲ್ಲಿ ದೊಡ್ಡ ಕಚೇರಿ ಇರುವ ಕಂಪನಿ ಇದೇ. ಅದನ್ನು ಕಟ್ಟಿದ ಐವರಲ್ಲಿ ಒಬ್ಬರಾದ ಡೀಟ್ಮಾರ್ ಹಾಪ್ ಹುಡುಗನಾಗಿದ್ದಾಗ ಹೊಫೆನ್‌ಹೈಮ್ ಕ್ಲಬ್ಬಿನಲ್ಲಿ ಆಡಿದವರು. ದುಡ್ಡು ಬಂದ ಮೇಲೆ ಹಳೇ ಕ್ಲಬ್ಬಿಗೆ ಕೈಯೆತ್ತಿ ಕೊಟ್ಟರು.

2005ರಲ್ಲಿ ಒಂದು ದೊಡ್ಡ ಯೋಜನೆ ಬಂತು. ಹೊಫೆನ್‌ಹೈಮ್, ಹತ್ತಿರದ ವಾಲ್‌ಡಾರ್ಫ್, ಝಾಂಡ್‌ಹೌಸನ್ ಈ ಮೂರೂ ಕ್ಲಬ್ಬು ಸೇರಿಸಿ ‘ಎಫ್‌ಸಿ ಹೈಡಲ್‌ಬರ್ಗ್ 06’ ಎಂಬ ಒಂದೇ ಕ್ಲಬ್ ಮಾಡುವುದು, ಹೆಸರಾಂತ ಹೈಡಲ್‌ಬರ್ಗ್ ನಗರದಲ್ಲಿ ಕ್ರೀಡಾಂಗಣ ಕಟ್ಟುವುದು. ಲೆಕ್ಕದಲ್ಲಿ ಎಲ್ಲ ಸರಿಯಾಗಿತ್ತು. ಆದರೆ ವಾಲ್‌ಡಾರ್ಫ್, ಝಾಂಡ್‌ಹೌಸನ್ ಕಡೆಯವರು ಒಪ್ಪಲಿಲ್ಲ, ಜಾಗದ ಮಾತೂ ಹೊಂದಿಬರಲಿಲ್ಲ. ಯೋಜನೆ ಅಲ್ಲಿಗೇ ಬಿತ್ತು.

ಆಮೇಲೆ ಏನಾಯಿತು? ಹೊಫೆನ್‌ಹೈಮ್ ತನ್ನ ಹೆಸರಿನಲ್ಲೇ ಮೇಲೇರಿ 2008ರಲ್ಲಿ ದೇಶದ ಮೊದಲ ದರ್ಜೆಗೆ ಬಂತು. 2009ರಲ್ಲಿ ಅದಕ್ಕಾಗಿ ಝಿನ್ಸ್‌ಹೈಮ್‌ನಲ್ಲಿ ಕ್ರೀಡಾಂಗಣ ತೆರೆಯಿತು. ಮೂರು ಸಾವಿರ ಜನರ ಊರಿನ ತಂಡಕ್ಕೆ ಮೂವತ್ತು ಸಾವಿರ ಮಂದಿ ಹಿಡಿಸುವ ಕ್ರೀಡಾಂಗಣ! ಬೇಡ ಎಂದಿದ್ದ ಝಾಂಡ್‌ಹೌಸನ್ ತಾನೇ 2012ರಲ್ಲಿ ಎರಡನೇ ದರ್ಜೆಗೆ ಏರಿ, 2023ರವರೆಗೆ ಅಲ್ಲಿ ನಿಂತಿತು. ವಿಲೀನ ಮುರಿದರೆ ಎಲ್ಲರೂ ಮುಳುಗುತ್ತಾರೆ ಎಂಬ ಮಾತು ಇಲ್ಲಿ ಸುಳ್ಳಾಯಿತು.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. 2001ರಲ್ಲೇ ಹಾಪ್ ಮತ್ತು ಸಂಗಡಿಗರು ಮಕ್ಕಳಿಗಾಗಿ ಒಂದು ಸಂಸ್ಥೆ ಕಟ್ಟಿದ್ದರು. ಆಟದ ಜೊತೆಗೆ ಶಾಲೆಯ ಪಾಠ, ಮುಂದಿನ ಉದ್ಯೋಗ ಇವನ್ನೂ ನೋಡಿಕೊಳ್ಳುವ ಸಂಸ್ಥೆ. ಅದರ ಕೇಂದ್ರಗಳು ಸುತ್ತಲಿನ ಊರುಗಳ ಕ್ಲಬ್ಬುಗಳಲ್ಲಿವೆ, ವಾಲ್‌ಡಾರ್ಫ್‌ನಲ್ಲೂ ಇದೆ. ಕ್ಲಬ್ಬು ಒಂದು ಮಾಡಲು ಒಪ್ಪದ ಊರೇ ಮಕ್ಕಳ ಕೆಲಸಕ್ಕೆ ಕೈಜೋಡಿಸಿತು. ಮನೆ ಬೇರೆ ಇದ್ದರೇನು, ಕಣ ಒಂದಾಗಬಹುದು.

ಹಾಗೆಂದು ಪೂರ್ತಿ ವಿಲೀನ ಎಂದರೆ ಕೇಡೇ ಎಂದಲ್ಲ. 1919ರಲ್ಲಿ ಮೂರು ಕ್ಲಬ್ಬುಗಳು ಕೂಡಿದ್ದರಿಂದ ಹ್ಯಾಂಬರ್ಗ್ ತಂಡ ಹುಟ್ಟಿತು. 1948ರಲ್ಲಿ ಎರಡು ಕ್ಲಬ್ಬು ಕೂಡಿ ಎಫ್‌ಸಿ ಕಲೋನ್ ಆಯಿತು, 1964ರಲ್ಲಿ ಹೊಸ ರಾಷ್ಟ್ರೀಯ ಲೀಗಿನ ಮೊದಲ ಪ್ರಶಸ್ತಿ ಗೆದ್ದಿತು. ಆದರೆ ಅವೆಲ್ಲ ಒಂದೇ ನಗರದೊಳಗಿನ ಕೂಡಿಕೆಗಳು. ಕೂಡಿದ ಮೇಲೂ ಹುಡುಗ ತನ್ನೂರಿನಲ್ಲೇ ಉಳಿದ.

ಸಾಗರದಾಚೆಯ ಲೆಕ್ಕ

ಅಮೆರಿಕದಲ್ಲಿ ಫುಟ್‌ಬಾಲ್ ಎಂದರೆ ಬೇರೆ ಆಟ. ಇದಕ್ಕೆ ಅವರು ಸಾಕರ್ ಎನ್ನುತ್ತಾರೆ. ಅಲ್ಲಿಯೂ ಮಕ್ಕಳ ಕ್ಲಬ್ಬುಗಳು ಕೂಡುತ್ತಿವೆ. ಆದರೆ ಕಾರಣ ಉಲ್ಟಾ. ಜರ್ಮನಿಯ ಹಳ್ಳಿ ಕೂಡುವುದು ಮಕ್ಕಳು ಕಡಿಮೆ ಎಂದು, ಅಮೆರಿಕದ ಕ್ಲಬ್ಬು ಕೂಡುವುದು ಹೆಚ್ಚಾಗಿ ದೊಡ್ಡದಾಗಬೇಕೆಂದು.

ಅಲ್ಲಿ ಮಕ್ಕಳ ಆಟಕ್ಕೆ ಒಂದೇ ಯಜಮಾನ ಇಲ್ಲ. 1964ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು ಸಂಸ್ಥೆ ಹುಟ್ಟಿತು. ಬಂದ ಪ್ರತಿ ಮಗುವೂ ಪಂದ್ಯದ ಅರ್ಧ ಹೊತ್ತಾದರೂ ಆಡಲೇಬೇಕು ಎಂಬುದು ಅದರ ನಿಯಮ. 1974ರಲ್ಲಿ ಇನ್ನೊಂದು, 2001ರಲ್ಲಿ ಮತ್ತೊಂದು ಸಂಸ್ಥೆ ಬಂದವು. ಇವುಗಳ ಮೇಲೆ ‘ಎಲ್ಲಕ್ಕಿಂತ ಮೇಲಿನ’ ಲೀಗುಗಳು ಬೇರೆ. 2007ರಲ್ಲಿ ರಾಷ್ಟ್ರೀಯ ಒಕ್ಕೂಟವೇ ಆಯ್ದ ಕ್ಲಬ್ಬುಗಳಿಗೆ ‘ಡೆವಲಪ್‌ಮೆಂಟ್ ಅಕಾಡೆಮಿ’ ಶುರು ಮಾಡಿತು. 2009ರಲ್ಲಿ ಹುಡುಗಿಯರಿಗಾಗಿ ‘ಇಸಿಎನ್‌ಎಲ್’ ಬಂತು. 2020ರ ಏಪ್ರಿಲ್‌ನಲ್ಲಿ ಕೊರೋನಾ ನಡುವೆ ಒಕ್ಕೂಟ ತನ್ನ ಅಕಾಡೆಮಿಗೆ ಬೀಗ ಹಾಕಿತು. ಅದೇ ವರ್ಷ ಅಲ್ಲಿನ ವೃತ್ತಿ ಲೀಗು ‘ಎಂಎಲ್‌ಎಸ್ ನೆಕ್ಸ್ಟ್’ ಎಂಬ ಹೊಸದನ್ನು ತೆರೆಯಿತು.

ಇದರಲ್ಲಿ ವ್ಯಾಪಾರದ ಸೂತ್ರ ಎಲ್ಲಿದೆ ಎಂದರೆ, ಇಂಥ ಲೀಗಿನಲ್ಲಿ ಜಾಗ ಸಿಗುವುದು ಕ್ಲಬ್ಬಿಗೆ. ಜಾಗ ಸಿಕ್ಕ ಕ್ಲಬ್ಬಿಗೆ ಸುತ್ತಲಿನ ಚುರುಕು ಮಕ್ಕಳೆಲ್ಲ ಹೋಗುತ್ತಾರೆ. ಅಪ್ಪ ಅಮ್ಮ ವರ್ಷಕ್ಕೆ ಸಾವಿರಾರು ಡಾಲರ್ ಶುಲ್ಕ ಕಟ್ಟುತ್ತಾರೆ, ಕಾರಿನಲ್ಲಿ ಗಂಟೆಗಟ್ಟಲೆ ಕರೆದೊಯ್ಯುತ್ತಾರೆ. ಜಾಗ ಸಿಗದ ಸಣ್ಣ ಕ್ಲಬ್ಬು ಒಳ್ಳೇ ಆಟಗಾರರನ್ನೂ ಅವರ ಶುಲ್ಕವನ್ನೂ ಒಟ್ಟಿಗೇ ಕಳೆದುಕೊಳ್ಳುತ್ತದೆ. ಕೊನೆಗೆ ದೊಡ್ಡದರ ಬಳಿ ಹೋಗಿ ‘ನಮ್ಮನ್ನೂ ಸೇರಿಸ್ಕೊಳ್ಳಿ’ ಎನ್ನುವುದೇ ಉಳಿದ ದಾರಿ. ಕೆಲವರು ಪೂರ್ತಿ ವಿಲೀನ ಆಗುತ್ತಾರೆ. ಕೆಲವರು ಹೆಸರು, ಅಂಗಿಯ ಬಣ್ಣ ಬದಲಿಸಿ ದೊಡ್ಡ ಕ್ಲಬ್ಬಿನ ಶಾಖೆಯಂತೆ ನಡೆಯುತ್ತಾರೆ. ಕೊಲೊರಾಡೊ ರಾಜ್ಯದಲ್ಲಿ 1997ರಲ್ಲಿ ಎರಡು ಕ್ಲಬ್ಬು ಕೂಡಿ ‘ರಶ್’ ಎಂಬ ಕ್ಲಬ್ಬಾಯಿತು. ಆ ಹೆಸರು ಇಂದು ಹಲವು ರಾಜ್ಯಗಳಲ್ಲಿ, ಹೊರದೇಶಗಳಲ್ಲೂ ಇದೆ. ಪೇಟೆಯಲ್ಲಿ ಹಳೇ ಅಂಗಡಿಗೆ ಹೊಸ ಕಂಪನಿಯ ಬೋರ್ಡು ಬಂದ ಹಾಗೆ.

ಲಾಭ ಇಲ್ಲವೆಂದಲ್ಲ. ಕಲಿತ ತರಬೇತುದಾರರು, ಒಳ್ಳೇ ಮೈದಾನ, ದೂರದ ಪಂದ್ಯಗಳು ಸಿಗುತ್ತವೆ. ಆದರೆ ಊರಿನವರು ಸಭೆಯಲ್ಲಿ ಕೈಯೆತ್ತಿ ತೀರ್ಮಾನ ಮಾಡುವ ಜಾಗವನ್ನು ಸಂಬಳದ ನಿರ್ದೇಶಕರು ತುಂಬುತ್ತಾರೆ. ಅಷ್ಟು ಚುರುಕಲ್ಲದ ಹುಡುಗನನ್ನು ಕೇಳುವವರು ಕಡಿಮೆಯಾಗುತ್ತಾರೆ. ಲೀಗು ಬದಲಾದಾಗಲೆಲ್ಲ ಮತ್ತೆ ಯಾರು ಯಾರ ಜೊತೆ ಎಂಬ ಪರದಾಟ.

ನಮ್ಮ ದೇಶದ ಒಂದು ಪಾಠ

ಹೆಸರಿನ ಜಗಳ ನಮಗೂ ಹೊಸದಲ್ಲ. ಕಾಸರಗೋಡು ಜಿಲ್ಲೆಯ ತೃಕ್ಕರಿಪುರದ ಮೊಹಮ್ಮದ್ ರಫಿ 2016ರ ಐಎಸ್‌ಎಲ್ ಫೈನಲ್‌ನಲ್ಲಿ ಕೇರಳ ತಂಡದ ಪರ ತಲೆಯಿಂದ ಗೋಲು ಹೊಡೆದದ್ದು ಗಡಿ ಭಾಗದ ಫುಟ್‌ಬಾಲ್ ಹುಚ್ಚಿನವರಿಗೆ ನೆನಪಿರಬಹುದು. ಅಂದು ಪೆನಾಲ್ಟಿಯಲ್ಲಿ ಗೆದ್ದ ಕೋಲ್ಕತಾದ ತಂಡವೇ ಮುಂದೆ ಎಟಿಕೆ ಎನಿಸಿತು. 2020ರಲ್ಲಿ ಅದು 1889ರ ಮೋಹನ್ ಬಾಗಾನ್ ಜೊತೆ ಕೂಡಿ ‘ಎಟಿಕೆ ಮೋಹನ್ ಬಾಗಾನ್’ ಆಯಿತು. ಅಭಿಮಾನಿಗಳು ‘ಮುಂದಿನ ಮೂರಕ್ಷರ ತೆಗೀರಿ’ ಎಂದು ಹಟ ಹಿಡಿದರು. 2023ರಲ್ಲಿ ತಂಡ ಪ್ರಶಸ್ತಿ ಗೆದ್ದ ದಿನವೇ ಮಾಲೀಕರು ಆ ಮೂರಕ್ಷರ ತೆಗೆಯುವುದಾಗಿ ಸಾರಬೇಕಾಯಿತು. ಇದು ದೊಡ್ಡವರ ತಂಡದ ಮಾತು, ನಿಜ. ಆದರೆ ಕೋಟಿಗಟ್ಟಲೆ ಬಂಡವಾಳ ಹಾಕಿದವರೂ ಹಳೇ ಹೆಸರಿನ ಮುಂದೆ ತಲೆಬಾಗಬೇಕಾಯಿತು ಎಂಬುದನ್ನು ಮಕ್ಕಳ ಕ್ಲಬ್ಬು ಕೂಡಿಸಲು ಹೊರಟವರೂ ನೆನಪಿಡಬೇಕು.

ಮುರಿಯುವುದು ಎಲ್ಲಿ?

ಹುಡುಗರು ಬೇಗ ಕೂಡುತ್ತಾರೆ. ಎರಡು ವಾರ ಒಟ್ಟಿಗೆ ಚೆಂಡು ಒದ್ದರೆ ಸಾಕು, ಯಾರು ಯಾವೂರು ಎಂಬುದು ಮರೆತುಹೋಗುತ್ತದೆ. ಕೂಡಲಾಗದವರು ದೊಡ್ಡವರು. ‘ನಮ್ ಹುಡುಗ್ರು ಆ ಊರಿನ ಅಂಗಿ ಹಾಕ್ಕೊಂಡು ಆಡ್ಬೇಕಾ?’ ಎಂಬ ಮಾತು ಯಾವ ದೇಶದ ಕಟ್ಟೆಯ ಮೇಲಾದರೂ ಬಂದೇ ಬರುತ್ತದೆ.

ಜೋಡಿ ಮುರಿಯುವ ಕಾರಣಗಳು ಬಹಳ ಸಣ್ಣವು. ಅಭ್ಯಾಸ ಸದಾ ಒಂದೇ ಊರಿನ ಮೈದಾನದಲ್ಲಿ ನಡೆದರೆ ಉಳಿದೂರಿನ ತಂದೆ ತಾಯಿಗೆ ದಿನವೂ ಕಾರಿನ ಖರ್ಚು. ಪಂದ್ಯದ ದಿನದ ಬಿಯರು ಸಾಸೇಜಿನ ಲಾಭ ಯಾರ ಪೆಟ್ಟಿಗೆಗೆ ಎಂಬುದು ಇನ್ನೊಂದು. ಅಂಗಿಯ ಮೇಲೆ ಯಾರ ಊರಿನ ಬೇಕರಿ ಎಂಬುದು ಮತ್ತೊಂದು. ಇವನ್ನೆಲ್ಲ ಮೊದಲೇ ಬರೆದಿಟ್ಟುಕೊಂಡವರ ಜೋಡಿ ಬಾಳುತ್ತದೆ. ಹತ್ತರೊಳಗಿನವರು ಒಂದೂರಲ್ಲಿ, ಹದಿನೈದರೊಳಗಿನವರು ಇನ್ನೊಂದೂರಲ್ಲಿ ಎಂದು ಮೈದಾನ ಹಂಚಿಕೊಳ್ಳಬಹುದು. ಜೋಡಿ ಬಿಟ್ಟರೆ ಲೀಗಿನಲ್ಲಿನ ಸ್ಥಾನ ಯಾರಿಗೆ ಎಂಬುದೂ ಕಾಗದದಲ್ಲಿರಬೇಕು. ವ್ಯಾಪಾರಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಪಾಲು ಮಾಡಿಕೊಳ್ಳುವ ದಿನವೇ ಪಾಲು ಬಿಡುವ ರೀತಿಯನ್ನೂ ಬರೆದಿಡಬೇಕು.

ಇನ್ನೊಂದು ಅಪಾಯ ಮೇಲ್ನೋಟಕ್ಕೆ ಕಾಣುವುದಿಲ್ಲ. ಒಂಬತ್ತು, ಹತ್ತು ಹುಡುಗರಿರುವ ಎರಡೂರು ಕೂಡಿದರೆ ಹತ್ತೊಂಬತ್ತು. ಹನ್ನೊಂದು ಮಂದಿ ಆಡುತ್ತಾರೆ, ಉಳಿದವರು ಸರದಿಯಲ್ಲಿ ಇಳಿಯುತ್ತಾರೆ. ಅದೇ ಗೆಲ್ಲುವ ಆಸೆಗೆ ಮೂರನೇ ಊರಿನ ಒಂಬತ್ತು ಜನರನ್ನೂ ಸೇರಿಸಿ ತಂಡ ಒಂದೇ ಇಟ್ಟರೆ ಇಪ್ಪತ್ತೆಂಟು. ಈಗ ಹದಿನೇಳು ಹುಡುಗರು ಬೆಂಚಿನ ಮೇಲೆ. ತಂಡ ಗೆಲ್ಲಬಹುದು, ಪತ್ರಿಕೆಯಲ್ಲಿ ಹೆಸರೂ ಬರಬಹುದು. ಆದರೆ ಬೆಂಚಿನ ಮೇಲೆ ಕೂತು ಬೇಸತ್ತ ಹುಡುಗ ಮುಂದಿನ ವರ್ಷ ಬರುವುದಿಲ್ಲ. ಮಕ್ಕಳು ಸಾಲದು ಎಂದು ಕೂಡಿದ ಊರುಗಳು ಇರುವ ಮಕ್ಕಳನ್ನೂ ಕಳೆದುಕೊಂಡ ಹಾಗಾಯಿತು.

ಆದ್ದರಿಂದಲೇ ಆ ಐದು ಮೆಟ್ಟಿಲುಗಳ ಏಣಿ ಒಳ್ಳೆಯದು ಎನಿಸುತ್ತದೆ. ಎರವಲಿನಿಂದ ಆಗುವ ಕೆಲಸಕ್ಕೆ ಜೋಡಿ ಬೇಡ, ಜೋಡಿಯಿಂದ ಆಗುವ ಕೆಲಸಕ್ಕೆ ವಿಲೀನ ಬೇಡ. ಕೆಳಗಿನ ಮೆಟ್ಟಿಲಿನಿಂದ ಹಿಂದೆ ಬರಬಹುದು. ಮೇಲಿನ ಮೆಟ್ಟಿಲಿನಿಂದ ಕಷ್ಟ. ಊರಿನ ಹೆಸರನ್ನು ಒಮ್ಮೆ ದಫ್ತರದಿಂದ ಅಳಿಸಿದರೆ ಮತ್ತೆ ಬರೆಸಲು ಏಳು ಮಂದಿ ಸಿಗಬೇಕು. ಸಿಗುತ್ತಾರೆಂದು ಯಾರು ಹೇಳಬಲ್ಲರು?

ಜರ್ಮನಿಯ ಹಳ್ಳಿಗಾಡಿನ ಪಂದ್ಯಪಟ್ಟಿ ನೋಡಿದರೆ ಒಂದೇ ತಂಡದ ಮುಂದೆ ಎರಡು ಮೂರು ಊರುಗಳ ಹೆಸರು, ನಡುವೆ ಓರೆಗೆರೆ ಹಾಕಿ ಅಚ್ಚಾಗಿರುತ್ತದೆ. ಓದಲು ತೊಡಕು, ಕೂಗಲು ಇನ್ನೂ ತೊಡಕು. ಚಿಕ್ಕದೊಂದು ಹೊಸ ಹೆಸರಿಟ್ಟರೆ ಸಲೀಸಾಗುತ್ತಿತ್ತು. ಆದರೆ ಆ ಊರಿನವರಿಗೆ ಸಲೀಸು ಬೇಕಿಲ್ಲ. ಗೋಲು ಬಿದ್ದಾಗ ಮೂರೂರಿನ ಹೆಸರನ್ನೂ ಪೂರ್ತಿ ಕೂಗುತ್ತಾರೆ, ಅಷ್ಟು ಹೊತ್ತಿಗೆ ಎದುರಿನವರು ಚೆಂಡನ್ನು ನಡುಗೆರೆಗೆ ತಂದಿಟ್ಟಿರುತ್ತಾರೆ!